ಕೆರೆದಿಟ್ಟ ಮಸಿ

"ಹೊರಗಡೆ ಏನಾರ ಮಾಡ್ಕಳಿ ಸಾ. ಉಜ್ಜಿ, ತೊಳೀರಿ, ಪಾಲಿಶ್ ಹೊಡೀರಿ. ಒಳಗಿನ ಮಸಿ ಮಾತ್ರ ಕೆರೀಬ್ಯಾಡಿ. ನಮ್ಮವ್ವ ಆಣೆ ಆಕಿ ಕಳ್ಸವ್ಳೆ."

ದೇವರಾಜು ಇಷ್ಟು ಹೇಳಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಪೈಪನ್ನು ಟೀಪಾಯಿಯ ಮೇಲಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನು ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಅಟೆಂಡರ್. ಬಸವಪ್ರಸಾದ್ ಅದೇ ಕಾಲೇಜಿಗೆ ಆ ವರ್ಷ ಮೈಸೂರಿನಿಂದ ಬಂದ ಕೆಮಿಸ್ಟ್ರಿ ಮೇಷ್ಟ್ರು. ಹೊಗೆಸೊಪ್ಪು ಸೇದುವ ಹಳೆಯ ಮರದ ಪೈಪುಗಳನ್ನು ಎಲ್ಲೆಲ್ಲಿಂದಲೋ ತಂದು, ಮನೆಯಲ್ಲೇ ಶುಚಿಮಾಡಿ ಹೊಸದರಂತೆ ಮಾಡುವುದು ಅವನ ಹುಚ್ಚು. ತಾನು ಮಾತ್ರ ಜೀವಮಾನದಲ್ಲಿ ಒಮ್ಮೆಯೂ ಸೇದಿದವನಲ್ಲ. ದೇವರಾಜುವಿನ ಮೊಬೈಲಿನಲ್ಲಿ ಅವನ ತಾತನ ಪೈಪಿನ ಫೋಟೋ ನೋಡಿದ ದಿನದಿಂದ, ತಂದುಕೊಡು, ಚಿನ್ನದಂಗೆ ಮಾಡಿಕೊಡ್ತೀನಿ ಎಂದು ಬೆನ್ನುಬಿದ್ದಿದ್ದ.

"ನಿಮ್ಮ ತಾತ ಇದರಲ್ಲಿ ಏನಯ್ಯಾ ಸೇದ್ತಿದ್ದರು?"

"ಕಾಯ್ಲೆ ಸಾ."

ಪ್ರಸಾದ್ ನಕ್ಕ. ದೇವರಾಜು ನಗಲಿಲ್ಲ. ಅವನ ತಾತ, ತಾಯಿಯ ಅಪ್ಪ ನಂಜುಂಡಪ್ಪ, ಚಂದಕವಾಡಿಯಲ್ಲಿ ಮಾಟ ತೆಗೆಯುತ್ತಿದ್ದವನು. ಹರೆಯದಲ್ಲಿ ಬಿಳಿಗಿರಿ ಬೆಟ್ಟದ ಕಾಫಿ ತೋಟದ ದೊರೆಯೊಬ್ಬ ಕೊಟ್ಟುಹೋದ ಪೈಪು ಅದು. ಯಾರಿಗಾದರೂ ಮಾಟ ಮಾಡಿಸಿದ್ದಾರೆ ಅಂತಾದರೆ ಅವರ ಮೂರು ಕೂದಲನ್ನು ಹೊಗೆಸೊಪ್ಪಿನ ಜೊತೆ ತುಂಬಿ ಮುದುಕ ಸೇದುತ್ತಿದ್ದ. ಅವರಿಗೆ ವಾಸಿಯಾಗುತ್ತಿತ್ತು.

"ಸೇದಿದ್ದೆಲ್ಲ ಅದ್ರೊಳ್ಗೇ ಕುಂತದ. ಅದ್ಕೇ ತಾತ ಒಂದ್ ಕಡ್ಡೀನೂ ಒಳೀಕೆ ಆಕ್ತಿರ್ನಿಲ್ಲ."

"ಹಾಗಾದ್ರೆ ಇದು ಪೈಪಲ್ಲ ದೇವರಾಜು, ಆಸ್ಪತ್ರೆ. ವಾರ್ಡು ಖಾಲಿ ಮಾಡಿಸಿ ಸುಣ್ಣ ಹೊಡೆಸಿ ಕೊಡ್ತೀನಿ, ಹೋಗು."

ದೇವರಾಜು ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋದವನು ತಿರುಗಿ ನೋಡಿದ.

ಅದು ಭಾನುವಾರದ ಮಧ್ಯಾಹ್ನ. ಹೆಂಡತಿ ವನಿತಾ ಒಂದೂವರೆ ವರ್ಷದ ಶಿವಾನಿಯನ್ನು ತಟ್ಟಿ ಮಲಗಿಸುತ್ತಿದ್ದಳು. ಊಟಿ ರಸ್ತೆಯ ವಾಹನಗಳ ಮೊರೆತ ಹಿತ್ತಿಲವರೆಗೂ ಬರುತ್ತಿತ್ತು. ಪ್ರಸಾದ್ ಹಿಂದಿನ ಜಗಲಿಯಲ್ಲಿ ಪೇಪರ್ ಹಾಸಿ, ಬಟ್ಟೆ ಬಿಚ್ಚಿದ. ಕೊಳವೆ ಹಸಿರುಗಟ್ಟಿತ್ತು, ಬಟ್ಟಲಿನ ಅಂಚಿನಲ್ಲಿ ಒಂದು ಕಚ್ಚು ಬಿದ್ದಿತ್ತು. ಒಳಗೆ ಬೆರಳು ಹೋಗದಷ್ಟು ದಪ್ಪಕ್ಕೆ ಮಸಿ ಕಟ್ಟಿತ್ತು. ಮೂಗಿನ ಹತ್ತಿರ ಹಿಡಿದ. ಹೊಗೆಸೊಪ್ಪಿನ ವಾಸನೆ ಇರಲಿಲ್ಲ. ಬಹಳ ದಿನ ಮುಚ್ಚಿದ್ದ ಕೋಣೆಯಲ್ಲಿ ರೋಗಿಯ ಹಾಸಿಗೆ ಮಡಚಿದಾಗ ಏಳುವ ಬೆವರಿನ, ಬೇವಿನ, ಹಳೆಯ ಬಾಯಿಯ ವಾಸನೆ.

ಕಸುಬು ಬಲ್ಲವರು ಒಳಗಿನ ಮಸಿಯನ್ನು ಪೂರ್ತಿ ತೆಗೆಯುವುದಿಲ್ಲ. ಒಂದು ನಾಣ್ಯದ ದಪ್ಪ ಬಿಡುತ್ತಾರೆ. ಪ್ರಸಾದನಿಗೂ ಅದು ಗೊತ್ತಿತ್ತು. ಆದರೆ ಚಾಕು ತಿರುಗಿಸುತ್ತಿದ್ದಂತೆ ಮಸಿ ಪದರ ಪದರವಾಗಿ ಬಿಚ್ಚಿಕೊಂಡಿತು. ಒಂದು ಕಂದು, ಒಂದು ಕಪ್ಪು, ಮತ್ತೊಂದು ಎಣ್ಣೆಯಂತೆ ಮಿನುಗುವ ನೀಲಿ. ಪ್ರತಿ ಪದರ ಕಳಚುವಾಗಲೂ ಸಣ್ಣಗೆ ಉಸಿರು ಬಿಟ್ಟಂಥ ಸದ್ದು. ಅವನಿಗೆ ಆಸೆ ಹತ್ತಿತು. ದೇವರಾಜುವಿನ ಮುಖ ನೆನಪಾಗಿ ಹಟವೂ ಹತ್ತಿತು. ಬೋಳು ಮರ ಕಾಣುವವರೆಗೂ ಕೆರೆದ. ಆಮೇಲೆ ಹೊರಮೈಗೆ ಪಾಲಿಶ್ ಹೊಡೆದು, ಬಟ್ಟಲಿಗೆ ಉಪ್ಪು ತುಂಬಿ, ಸ್ಪಿರಿಟ್ ಹನಿಸಿ, ನೆನೆಯಲು ಇಟ್ಟ. ಕೆರೆದ ಪುಡಿಯನ್ನು ಎಸೆಯಲಿಲ್ಲ. ಅಂಟಿನಲ್ಲಿ ಕಲಸಿ ಅಂಚಿನ ಕಚ್ಚು ತುಂಬಲು ಅದು ಬೇಕು. ಒಂದು ಹಿತ್ತಾಳೆ ಮುಚ್ಚಳದಲ್ಲಿ ಹಾಕಿ ನಡುಮನೆಯ ಕಿಟಕಿಯಲ್ಲಿಟ್ಟು ಕೈ ತೊಳೆದುಕೊಂಡ.

ಮರುದಿನ ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋದ ಮೇಲೆ, ಮಗು ನೋಡಿಕೊಳ್ಳಲು ಬಂದಿದ್ದ ಪ್ರಸಾದನ ತಾಯಿ ಪುಟ್ಟಬಸಮ್ಮ ಮೊಮ್ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿದರು. ಸಾಂಬ್ರಾಣಿ ಹಿಡಿದರು. ಹಣೆಗೆ ವಿಭೂತಿ ಇಟ್ಟರು. ದೃಷ್ಟಿ ಬೊಟ್ಟಿಡಲು ನೋಡಿದರೆ ಕಾಡಿಗೆ ಡಬ್ಬಿ ಖಾಲಿ. ಕಿಟಕಿಯಲ್ಲಿ, ಹಿತ್ತಾಳೆ ಮುಚ್ಚಳದಲ್ಲಿ, ಹಿಟ್ಟಿನಷ್ಟು ನಯವಾದ ಮಸಿ. ಸೊಸೆ ಹರಳೆಣ್ಣೆ ದೀಪದ ಮಸಿ ಹಿಡಿದಿಟ್ಟಿದ್ದಾಳೆ, ಪರವಾಗಿಲ್ಲ, ಕಲಿತಿದ್ದಾಳೆ ಅಂದುಕೊಂಡರು. ಅವರ ಮೂಗಿಗೆ ವಾಸನೆ ಹತ್ತುವುದು ನಿಂತು ಬಹಳ ವರ್ಷಗಳಾಗಿದ್ದವು. ತುಪ್ಪ ಬಿಟ್ಟು ಕಲಸಿ ಡಬ್ಬಿಗೆ ತುಂಬಿದರು. ಬೆರಳ ತುದಿಗೆ ತೆಗೆದು ಮಗುವಿನ ಕೆನ್ನೆಗೊಂದು, ಅಂಗಾಲಿಗೊಂದು ಬೊಟ್ಟಿಟ್ಟರು.

ಪ್ರಸಾದ್ ಸಂಜೆ ಮನೆಗೆ ಬಂದಾಗ ಒಳಗೆ ಯಾರೋ ಮುದುಕರು ಕೆಮ್ಮುತ್ತಿದ್ದರು. ಎದೆಯ ತಳದಿಂದ ಕಲ್ಲು ಉರುಳಿಸಿದಂಥ, ಕಫದ, ದಣಿದ ಕೆಮ್ಮು. ಯಾರು ಬಂದಿದ್ದಾರೆ ಎಂದು ಚಪ್ಪಲಿ ನೋಡಿದ. ಯಾರೂ ಬಂದಿರಲಿಲ್ಲ. ಕೆಮ್ಮುತ್ತಿದ್ದುದು ಶಿವಾನಿ.

"ಮಧ್ಯಾನದಿಂದ ಇಂಗೇಯ ಕಣಪ್ಪ. ಬಜೆ ತೇದಾಕ್ದೆ. ನಿಲ್ವಲ್ದು," ಅಂದರು ಪುಟ್ಟಬಸಮ್ಮ.

ಅವನು ಮಗುವನ್ನೆತ್ತಿಕೊಂಡ. ಅದರ ಬಾಯಿಂದ ಆ ವಾಸನೆ ಬಂತು. ಮುಚ್ಚಿದ ಕೋಣೆಯ ವಾಸನೆ. ಅವನ ಕಣ್ಣು ಕೆನ್ನೆಯ ಬೊಟ್ಟಿನ ಮೇಲೆ ನಿಂತಿತು, ಅಲ್ಲಿಂದ ಕಿಟಕಿಗೆ ಹೋಯಿತು. ಮುಚ್ಚಳ ತೊಳೆದು ಬೋರಲು ಹಾಕಿತ್ತು. ಕೇಳಿದ್ದಕ್ಕೆ ತಾಯಿ ಕಾಡಿಗೆಯ ಕತೆ ಹೇಳಿದರು. ಅವನು ಒದ್ದೆ ಬಟ್ಟೆಯಿಂದ ಬೊಟ್ಟು ಒರೆಸಿದ. ಹೋಗಲಿಲ್ಲ. ಸೋಪು ಹಚ್ಚಿದ. ಸ್ಪಿರಿಟ್ಟಿನಿಂದ ಉಜ್ಜಿದ. ಚರ್ಮ ಕೆಂಪಾಯಿತು. ಬೊಟ್ಟು ಹಾಗೇ ಇತ್ತು.

ಮಕ್ಕಳ ಡಾಕ್ಟರು ಎದೆ ಸ್ವಚ್ಛವಾಗಿದೆ ಅಂದರು. ಮಂಗಳವಾರ ಕೆಮ್ಮು ತಾನಾಗಿ ನಿಂತಿತು. ಎಡಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡವು, ಬಿಡಿಸಲು ಬರಲಿಲ್ಲ. ಬುಧವಾರ ಬೆರಳುಗಳು ಬಿಟ್ಟವು. ಧ್ವನಿ ಹೋಯಿತು. ಮಗು ಬಾಯಿ ತೆರೆದು ಅಳುತ್ತಿತ್ತು, ಕಣ್ಣೀರು ಸುರಿಯುತ್ತಿತ್ತು, ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ಗುರುವಾರ ಬೆಳಿಗ್ಗೆ ಕಾಲೇಜಿನಲ್ಲಿ ದೇವರಾಜು ಅವನ ಮುಖ ನೋಡಿದ.

"ಕೆರ್ದ್ರಾ ಸಾ?"

ಪ್ರಸಾದ್ ತಲೆಯಾಡಿಸಿದ. ದೇವರಾಜು ಕೈಯಲ್ಲಿದ್ದ ಫೈಲುಗಳನ್ನು ಅಲ್ಲೇ ಬಿಟ್ಟು ಬೈಕು ಹತ್ತಿದ. ಪ್ರಸಾದ್ ಮನೆಗೆ ವಾಪಸಾದ. ಮಧ್ಯಾಹ್ನದ ಹೊತ್ತಿಗೆ ತಾಯಿಯನ್ನು ಕರೆತಂದು ಪ್ರಸಾದನ ಮನೆಯಲ್ಲಿ ಇಳಿಸಿ, ರಜೆ ಬರೆದುಕೊಡಲು ಕಾಲೇಜಿಗೆ ವಾಪಸು ಹೋದ.

ಮಾದಮ್ಮನಿಗೆ ಅರವತ್ತರ ಮೇಲಾಗಿರಬೇಕು. ಕುಳ್ಳಗೆ, ಗಟ್ಟಿಯಾಗಿದ್ದಳು. ಮಗುವಿನ ಕೆನ್ನೆಯನ್ನು ಮುಟ್ಟದೆ ನೋಡಿದಳು.

"ಮೊದ್ಲು ಕೆಮ್ಮಿತಾ?"

"ಹ್ಞೂಂ," ಅಂದಳು ವನಿತಾ.

"ಅದು ಕುದೇರಿನ್ ಕಲ್ಲುಕುಟಿಗುಂದು. ನಮ್ಮಪ್ಪ ಕಡೇಲಿ ಸೇದಿದ್ದು. ಆಮೇಲೆ ಕೈ? ಉಡಿಗಾಲದ್ ಎಣ್ಮಗಳ್ದು. ಆಮೇಲೆ ಮಾತು. ನಮ್ಮೂರಲ್ಲೇ ಒಬ್ನು ಸಾಕ್ಸಿ ಹೇಳ್ದೇ ಇರ್ಲಿ ಅಂತ ನಾಲ್ಗೆ ಕಟ್ಸಿದ್ರು, ಅವುಂದು. ಮೇಲ್ಗಡೆಯಿಂದ ಒಂದೊಂದಾಗಿ ಇಳೀತಾ ಅವೆ." ಪ್ರಸಾದನ ಕಡೆ ತಿರುಗಿದಳು. "ಅಡೀಲಿ ಎಷ್ಟ್ ಉಳ್ಸಿದ್ದೀರಿ ಮೇಷ್ಟ್ರೇ?"

"ಏನೂ ಉಳಿಸಿಲ್ಲ."

ಮಾದಮ್ಮ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು.

"ಅಡೀಲಿ ಇದ್ದದ್ದು ನಂದು. ನಂಗಾಗ ನಾಕು ವರ್ಸ. ನಮ್ಮಪ್ಪನ್ ಮ್ಯಾಲಿನ್ ಹೊಟ್ಟೆಕಿಚ್ಚಿಗೆ ಯಾರೋ ನಂಗೆ ಮಾಡ್ಸುದ್ರು. ಉಸ್ರು ನಿಂತೋಗಿ, ಜನ ಗುಂಡಿ ತೋಡಕ್ಕೆ ಓಗಿದ್ರಂತೆ. ಆಗ ಅಪ್ಪ ನನ್ ಕೂದ್ಲು ಆಕಿ ಮೊದಲ್ನೇ ಸಲ ಸೇದ್ದ. ಅದು ಕಾಯ್ಲೆ ಅಲ್ಲ ಕಣವ್ವ. ನನ್ ಸಾವು. ಅದ್ರ್ ಮ್ಯಾಲೆ ಮಿಕ್ಕಿದ್ದೆಲ್ಲ ಹೇರ್ದ, ಏಳ್ಬಾರ್ದು ಅಂತ. ಈಗ ಮ್ಯಾಲೆ ಭಾರ ಇಲ್ಲ, ಅದು ಸರ್ದಿ ಕಾಯಕ್ಕಿಲ್ಲ."

ಪುಟ್ಟಬಸಮ್ಮ ಗೋಡೆಗೆ ಮುಖ ಮಾಡಿ ಕುಳಿತಿದ್ದರು. "ನನ್ ಕೈಯಾರ ಇಟ್ಬುಟ್ಟೆ," ಅಂದರು. ಮತ್ತೆ ಅದನ್ನೇ ಅಂದರು.

"ಅಳಬ್ಯಾಡಿ ಅವ್ವಾರೇ. ಇದ್ಕೆ ಏನ್ ಮಾಡ್ಬೇಕು ಅಂತ ನಂಗೊತ್ತದ. ದೀಪ ಹಚ್ಚೋ ಹೊತ್ತಾಗ್ಲಿ. ಆ ಪೈಪು ತಂದು ನನ್ ಪಕ್ಕ ಮಡಗಿ. ಅಲ್ಲೀಗಂಟ ಯಾರೂ ಏನೂ ಮಾಡ್ಬ್ಯಾಡಿ."

ಅವಳು ಜಗಲಿಯಲ್ಲಿ ಸೆರಗು ಹಾಸಿ ಮಲಗಿದಳು. ಬಿಸಿಲಿನಲ್ಲಿ ಬಂದ ದಣಿವಿಗೆ ಕೂಡಲೇ ನಿದ್ದೆ ಹತ್ತಿತು.

ಮೂರು ಗಂಟೆಗೆ ಮೋಡ ಕವಿಯಿತು. ಗಾಳಿ ನಿಂತಿತು. ಕರೆಂಟು ಹೋಯಿತು. ಒಳಗೆ ವನಿತಾಳ ತೊಡೆಯ ಮೇಲೆ ಶಿವಾನಿಯ ಉಸಿರು ಎಡವತೊಡಗಿತು. ಒಂದು ಉಸಿರು. ನಿಲುಗಡೆ. ಇನ್ನೊಂದು. ಮತ್ತೂ ಉದ್ದದ ನಿಲುಗಡೆ.

"ಎಬ್ಬಿಸ್ರೀ ಅವರನ್ನ," ಅಂದಳು ವನಿತಾ.

ಪ್ರಸಾದ್ ಜಗಲಿಗೆ ಬಂದ. ಮುದುಕಿಯ ಪಕ್ಕದಲ್ಲಿ ಪೈಪು ಹೊಳೆಯುತ್ತಿತ್ತು. ಎಬ್ಬಿಸಿದರೆ ಏನಾಗುತ್ತದೆ? ಅವಳಪ್ಪ ಮಾಡಿದಂತೆ ಇವಳೂ ಹೊಗೆಸೊಪ್ಪು ತುಂಬಿ ಸೇದುತ್ತಾಳೆ. ಮಸಿಯ ಪದರವಿಲ್ಲದ ಬೋಳು ಮರಕ್ಕೆ ಕೆಂಡ ತಾಗಿದರೆ ಮರವೇ ಉರಿದು ತೂತಾಗುತ್ತದೆ. ಎಷ್ಟೋ ಪೈಪುಗಳು ಹಾಗೆ ಹಾಳಾದದ್ದನ್ನು ಅವನು ನೋಡಿದ್ದ. ಇದು ಈಗ ಏನನ್ನೂ ಹಿಡಿದಿಡಲಾರದು. ಅಪ್ಪನ ಮನೆಯ ಪದ್ಧತಿ ಬಿಟ್ಟು ಈ ಹೆಂಗಸಿಗೆ ಬೇರೇನು ಗೊತ್ತಿರುತ್ತದೆ. ನಾಲ್ಕು ದಿನದ ಹಿಂದೆ ಏನನ್ನೂ ನಂಬದಿದ್ದವನು ಈಗ ತನಗೆ ಬೇಕಾದಷ್ಟನ್ನು ಮಾತ್ರ ನಂಬಿದ. ಸಾವು ಯಾರದ್ದು? ಅವಳದ್ದು. ಅವಳೇ ಹೇಳಿದಳು. ಅವಳದ್ದು ಅವಳಿಗೆ ಹೋಗಲಿ. ಅರವತ್ತು ವರ್ಷ ಬದುಕಿದ್ದಾಳೆ. ಶಿವಾನಿಗೆ ಒಂದೂವರೆ.

ಒಳಗಿನಿಂದ ನಿಲುಗಡೆ. ಇನ್ನೂ ನಿಲುಗಡೆ.

ದೇವರ ಗೂಡಿನ ಪಕ್ಕದಲ್ಲಿದ್ದ ಕಾಡಿಗೆ ಡಬ್ಬಿ ತಂದ. ಮಂಡಿಯೂರಿದ. ಬೆರಳು ಅದ್ದಿದ. ತಣ್ಣಗಿತ್ತು. ಮುದುಕಿಯ ಕೆನ್ನೆಯ ಸುಕ್ಕಿನ ಮೇಲೆ ಮೆಲ್ಲಗೆ ಒತ್ತಿದ.

ಒಳಗೆ ಶಿವಾನಿ ಅತ್ತಳು. ಜೋರಾಗಿ, ಗಂಟಲು ಬಿಚ್ಚಿ. ವನಿತಾ ಮಗುವನ್ನೆತ್ತಿಕೊಂಡು ಓಡಿಬಂದಳು. "ರೀ, ಧ್ವನಿ ಬಂತು."

ಮಾದಮ್ಮ ಕಣ್ಣು ಬಿಟ್ಟಿದ್ದಳು. ಕೆನ್ನೆ ಮುಟ್ಟಿಕೊಂಡಳು. ಬೆರಳು ನೋಡಿದಳು. ಅವನ ಬೆರಳನ್ನೂ ನೋಡಿದಳು.

"ದೀಪ ಹಚ್ಚೋಗಂಟ ತಡೀಬಾರ್ದಾಗಿತ್ತಾ ಮೇಷ್ಟ್ರೇ."

"ಪೈಪು ತಡೆಯೋದಿಲ್ಲ ಮಾದಮ್ಮ. ನೀವು ಸೇದಿದರೆ ಅದು ಉರಿದುಹೋಗುತ್ತೆ. ನನಗೆ ಗೊತ್ತು."

"ಸೇದಕ್ಕಲ್ಲ ಕಣಪ್ಪ ನಾ ಬಂದದ್ದು." ಪ್ರತಿ ಮಾತಿಗೂ ಅವಳು ಗಾಳಿ ಹುಡುಕುತ್ತಿದ್ದಳು. "ಪೈಪ ನನ್ ಜೊತೇಲೇ ಗುಂಡಿಗೆ ಆಕ್ಸನ ಅಂತಿದ್ದೆ. ದೀಪದ್ ಮುಂದ್ಗಡೆ ಕುಂತು, ನಂದ ನಾನೇ ಕರುದು ತಕಳನ ಅಂತ ಬಂದಿದ್ದೆ. ಅಡೀಲಿರೋದ ಒಡೇರು ಕರುದ್ರೆ ಮೇಲಿರೋವು ಎಲ್ಲಾ ಅದ್ರ್ ಹಿಂದ್ಲೇ ಬತ್ತವೆ. ಮಗು ಪೂರಾ ಗೆಲ್ವಾಗ್ತಿತ್ತು. ನೀವು ಕದ್ದು ಕೊಟ್ರಿ. ಅದೊಂದೇ ಬಂತು."

"ಉಳಿದದ್ದು?" ಅಂದಳು ವನಿತಾ. ಅವಳಿನ್ನೂ ಮಗುವನ್ನು ಎದೆಗೊತ್ತಿಕೊಂಡೇ ಇದ್ದಳು.

"ಅಲ್ಲೇ ಇರ್ತವೆ ಕಣವ್ವ. ಕರ್ಕಂಡೋಗಕ್ಕೆ ಈಗ ಯಾರೂ ಇಲ್ಲ. ಸುತ್ತಿ ಸುತ್ತಿ ಬತ್ತವೆ. ಸಾಯಾಕೂ ಬುಡಕ್ಕಿಲ್ಲ."

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಹೊರಬಂದದ್ದು ಉದ್ದನೆಯ, ತೆಳ್ಳನೆಯ ಉಸಿರು. ಮಳೆಯ ಮೊದಲ ಹನಿಗಳು ಜಗಲಿಯ ಅಂಚಿಗೆ ಬಿದ್ದವು. ಮಣ್ಣಿನ ವಾಸನೆ ಎದ್ದಿತು.

ಚಂದಕವಾಡಿಯ ತೋಟದಲ್ಲಿ ಮಣ್ಣು ಮಾಡಿದರು. ಪೈಪನ್ನು ಪ್ರಸಾದನೇ ಗುಂಡಿಯೊಳಗಿಟ್ಟ. ವಾಪಸು ಬರುವಾಗ ದೇವರಾಜು ಅವನ ಪಕ್ಕದಲ್ಲಿ ನಡೆಯುತ್ತ ಕೇಳಿದ:

"ಅವ್ವನ್ ಕೆನ್ನೆ ಮ್ಯಾಲೆ ಬೊಟ್ಟಿತ್ತಲ್ಲ ಸಾ. ಅವ್ಳೇ ಇಟ್ಕಂಡ್ಳಾ?"

"ಹೌದು," ಅಂದ ಪ್ರಸಾದ್.

ದೇವರಾಜು ಕಣ್ಣೊರೆಸಿಕೊಂಡ. "ಅಂಗೇ ಅವ್ಳು. ಹೇಳ್ಬುಟ್ಟೇ ಬಂದಿದ್ಲು, ಮಗೀಗೆ ಏನೂ ಆಗಕ್ಕೆ ಬುಡಕ್ಕಿಲ್ಲ ಅಂತ. ಈಗ ಗೆಲ್ವಾಗಿ ಅದಾ ಸಾ ಮಗು?"

"ಗೆಲುವಾಗಿದೆ."

ಇದೆಲ್ಲ ಆಗಿ ಎಂಟು ತಿಂಗಳು. ಶಿವಾನಿಗೆ ತೂಕ ಬಂದಿದೆ. ಎತ್ತರ ಸರಿಯಾಗಿದೆ, ಹಲ್ಲು ಸರಿಯಾಗಿವೆ. ಒಂದು ದಿನ ನೋಡಿದ ಕಾಯಿಲೆ ಇನ್ನೊಂದು ದಿನ ಇರುವುದಿಲ್ಲವಾದ್ದರಿಂದ ಡಾಕ್ಟರುಗಳು ತಾಯಿತಂದೆಯ ಮುಖವನ್ನೇ ಹೆಚ್ಚು ನೋಡುತ್ತಾರೆ. ಪುಟ್ಟಬಸಮ್ಮ ಮಗುವನ್ನು ಮುಟ್ಟುವುದಿಲ್ಲ. ಬಾಗಿಲಾಚೆ ಕುಳಿತು ನೋಡುತ್ತಾರೆ. ವನಿತಾ ಕೆಲಸ ಬಿಟ್ಟಿದ್ದಾಳೆ. ಗಂಡನನ್ನು ಅವಳು ಒಂದು ಸಲ ಮಾತ್ರ ಕೇಳಿದ್ದಳು, ಒಟ್ಟು ಎಷ್ಟು ಪದರ ಇದ್ದವು ಎಂದು. ಅವನು ಎಣಿಸಿರಲಿಲ್ಲ.

ಬೆಳಿಗ್ಗೆ ಎದ್ದರೆ ಇಬ್ಬರೂ ಕೂಡಲೇ ಹತ್ತಿರ ಹೋಗುವುದಿಲ್ಲ. ಬಾಗಿಲಲ್ಲಿ ನಿಲ್ಲುತ್ತಾರೆ. ಇವತ್ತು ಮಗು ಆಗಲೇ ಎದ್ದು, ಇವರಿಗೆ ಬೆನ್ನು ಮಾಡಿ ಕುಳಿತು, ಲೋಟದ ಮೇಲೆ ಲೋಟ ಪೇರಿಸುತ್ತಿತ್ತು. ಕೈ ಚೆನ್ನಾಗಿ ಆಡುತ್ತಿತ್ತು. ಉಸಿರು ಸಲೀಸಾಗಿತ್ತು. ತನ್ನಷ್ಟಕ್ಕೆ ಏನೋ ಗುನುಗುತ್ತಿತ್ತು. ಪ್ರಸಾದ್ ಒಂದು ಹೆಜ್ಜೆ ಒಳಗಿಟ್ಟ.

"ಶಿವಾನಿ," ಎಂದು ಕರೆದಳು ವನಿತಾ.

ಪೇರಿಸಿದ ಲೋಟಗಳು ಉರುಳಿ ನೆಲಕ್ಕೆ ಬಿದ್ದು ಮನೆಯೆಲ್ಲ ಸದ್ದಾಯಿತು. ಮಗು ಬೆಚ್ಚಲಿಲ್ಲ.

"ಶಿವಾನಿ," ಎಂದು ಇನ್ನೂ ಗಟ್ಟಿಯಾಗಿ ಕರೆದಳು.

ಮಗು ಉರುಳಿದ ಲೋಟವನ್ನು ಎತ್ತಿ ಮತ್ತೆ ನಿಲ್ಲಿಸತೊಡಗಿತು.

"ಇವತ್ತು ಕಿವಿ," ಎಂದು ಹೇಳಿ ವನಿತಾ ಹಾಲು ಕಾಯಿಸಲು ಹೋದಳು.