ಏಳನೇ ಸಾಲಿನ ಜೋಳ

ಕೃಷಿ ಸಂಶೋಧನಾ ಸಂಸ್ಥೆಯ ತನ್ನ ಕೋಣೆಯ ಬಾಗಿಲಲ್ಲಿ ಮೇವಿನ ಹೊರೆ ಹಿಡಿದು ನಿಂತವಳನ್ನು ಓರೆಗಣ್ಣಲ್ಲೇ ಕಂಡು, ಜೋಳದ ವಿಜ್ಞಾನಿ ತಲೆ ಎತ್ತದೇ ಹೇಳಿದ: "ಕೊಟ್ಟಿಗೆ ಹಿಂದುಗಡೆ ಇದೆ, ಅಲ್ಲಿ ಹಾಕಿ."

ಅವಳು ಹೊರೆಯನ್ನು ಅವನ ಮೇಜಿನ ಮೇಲೇ ಇಟ್ಟಳು.

"ಇದು ನಿಮ್ಮ ಹೊಸ ತಳಿ ಸರ್. ತೆನೆ ಚೆನ್ನಾಗೇ ಬಂತು. ದಂಟು ಮಾತ್ರ ಇಷ್ಟೇ. ನನ್ನ ಹಸು ವರ್ಷವಿಡೀ ಏನು ತಿನ್ಬೇಕು, ನಿಮ್ಮ ಪ್ರಶಸ್ತಿ ಪತ್ರಾನಾ?"

ಗೋಡೆಯ ಮೇಲಿನ ಪತ್ರದತ್ತ ಅವನ ಕಣ್ಣು ತಾನಾಗಿ ಹೋಯಿತು. ಅವಳದ್ದೂ ಹೋಯಿತು. ಅವಳ ತುಟಿಯಂಚಿನಲ್ಲಿ ಒಂದು ನಗು ಬಂದು, ಬರಬಾರದಿತ್ತೆಂಬಂತೆ ಹೊರಟುಹೋಯಿತು. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ.

ಅವಳು ಎರಡು ಎಕರೆಯ ಒಡತಿ, ನಲವತ್ತು ಸಣ್ಣ ರೈತರ ಸಂಘದ ಅಧ್ಯಕ್ಷೆ. ಅವಳ ಪ್ರಶ್ನೆಯನ್ನು ಅವನು ನಿರ್ದೇಶಕರ ಮುಂದಿಟ್ಟ. ದೇಶಕ್ಕೆಲ್ಲ ಬೀಜ ಕೊಡುವ ಸಂಸ್ಥೆ ನೀರಾವರಿಯ ನೂರೆಕರೆಯಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಎರಡೆಕರೆಯವರ ಗತಿಯೇನು ಎಂದು ಆರು ತಿಂಗಳು ಜಗ್ಗಾಡಿದ. ಕೊನೆಗೆ ಒಪ್ಪಿಗೆ ಸಿಕ್ಕಿತು: ಇನ್ನು ಪರೀಕ್ಷೆ ರೈತರ ಹೊಲದಲ್ಲೇ, ತಳಿ ಆರಿಸುವ ಸಮಿತಿಯಲ್ಲಿ ರೈತರ ಕಡೆಯವರೊಬ್ಬರು. ಸಂಘ ಅವಳನ್ನೇ ಕಳಿಸಿತು.

ಅವಳ ಹೊಲದಲ್ಲಿ ಮೂರು ವರ್ಷದ ಬೆಳೆ, ಹನ್ನೆರಡು ಸಾಲು, ಸಾಲಿಗೊಂದು ತಳಿ. ದಂಟುಗಳ ಆಚೆ ಅವಳ ಕಿವಿಯೋಲೆ ಮಿನುಗಿ ಮರೆಯಾಗುತ್ತಿತ್ತು. ಈಚೆ ತೆನೆ ಎಣಿಸುತ್ತಿದ್ದವನಿಗೆ ಲೆಕ್ಕ ತಪ್ಪುತ್ತಿತ್ತು.

"ನಲವತ್ತೆರಡಾದ್ಮೇಲೆ ಮೂವತ್ತೊಂಬತ್ತು ಬರುತ್ತಾ ಸರ್, ನಿಮ್ಮ ಕಾಲೇಜಲ್ಲಿ?"

"ಈ ಸರ್ ಅನ್ನೋದು ಬಿಡಿ," ಎಂದ ಒಂದು ದಿನ.

"ಬಿಟ್ರೆ ಬಾಯಿಗೆ ಬೇರೇನೋ ಬರುತ್ತೆ. ಇರ್ಲಿ."

ಎರಡನೇ ಕೊಯ್ಲಿನ ಸಂಜೆ ಅವನು ಧೈರ್ಯ ಮಾಡಿದ. "ನಿಮಗೊಂದು ಮಾತು ಹೇಳ್ಬೇಕು."

ಅವಳು ಮುಖ ತಿರುಗಿಸಿದಳು. ಕುತ್ತಿಗೆಯವರೆಗೂ ಕೆಂಪೇರಿತ್ತು.

"ಗೊತ್ತು. ಹೇಳ್ಬೇಡಿ. ನಾಳೆ ನಿಮ್ಮ ತಳಿಗೆ ಕೈ ಎತ್ತಿದ್ರೆ, ತೆನೆ ನೋಡಿ ಅಲ್ಲ, ಮುಖ ನೋಡಿ ಎತ್ತಿದ್ಲು ಅಂತಾರೆ. ನಲವತ್ತು ಮನೆಯವರು ನನ್ನ ಮಾತು ನಂಬಿ ಬಿತ್ತೋರು. ಸಮಿತಿ ಮುಗಿಯೋವರೆಗೂ ನಾನು ನಿಮಗೆ ಯಾರೂ ಅಲ್ಲ."

'ಮುಗಿಯೋವರೆಗೂ' ಎಂಬ ಒಂದೇ ಪದವನ್ನು ಹಿಡಿದುಕೊಂಡು ಅವನು ಒಂದು ವರ್ಷ ಬದುಕಿದ. ತಿಂಗಳಿಗೊಮ್ಮೆ ಅವಳ ಫೋನ್ ಬರುತ್ತಿತ್ತು.

"ಮೂರನೇ ಸಾಲಿಗೆ ಹುಳ ಬಿದ್ದಿದೆ."

"ಮತ್ತೆ?"

"ಮತ್ತೇನಿಲ್ಲ."

ಆದರೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಅವಳ ಕಡೆಯಿಂದ ಗಾಳಿಗೆ ಜೋಳದ ಎಲೆಗಳು ಸರಪರ ಎನ್ನುವುದನ್ನು ಅವನು ಕಣ್ಮುಚ್ಚಿ ಕೇಳುತ್ತಿದ್ದ.

ಕೊನೆಯ ಸಭೆ. ನಾಲ್ಕನೇ ಸಾಲು ಅವನ ಎಂಟು ವರ್ಷದ ದುಡಿಮೆ, ಏಳನೆಯದು ಸಹೋದ್ಯೋಗಿಯೊಬ್ಬರದು. ಮೂರು ಕೈ ಅದಕ್ಕೆ, ಮೂರು ಕೈ ಇದಕ್ಕೆ. ಉಳಿದದ್ದು ಅವಳದು.

"ನಾಲ್ಕನೇದರ ಕಾಳು ಚೆಂದ," ಎಂದಳು ಅವಳು, ಯಾರನ್ನೂ ನೋಡದೆ. "ಮಳೆ ತಡವಾದ ವರ್ಷ ಅದು ಕೈಕೊಡ್ತು. ಏಳನೇದು ತಡ್ಕೊಂಡ್ತು, ಮೇವೂ ಆಯ್ತು. ನನ್ನ ಕೈ ಏಳಕ್ಕೆ."

ಅವನು ಆಯ್ಕೆಯ ಕಾಗದ ಎಳೆದುಕೊಂಡು, "ಅವರು ಹೇಳಿದ್ದು ಸರಿ," ಎಂದು ಸಹಿ ಹಾಕಿದ.

ಹೊರಗೆ ಮೆಟ್ಟಿಲ ಮೇಲೆ ಅವಳು ಕೂತಿದ್ದಳು, ಕಣ್ಣು ಒದ್ದೆ.

"ನಿಮ್ಮ ಎಂಟು ವರ್ಷಕ್ಕೆ ಎಳ್ಳುನೀರು ಬಿಟ್ಟುಬಿಟ್ಟೆ."

"ನೋವಾಯ್ತು," ಅವನು ಪಕ್ಕದಲ್ಲಿ ಕೂತ. "ಸುಳ್ಳು ಹೇಳಲ್ಲ. ಆದ್ರೆ ನೀವು ನಾಲ್ಕಕ್ಕೆ ಕೈ ಎತ್ತಿದ್ರೆ ಇದಕ್ಕಿಂತ ಜಾಸ್ತಿ ಆಗ್ತಿತ್ತು."

ಅವಳು ಮೊದಲ ಬಾರಿಗೆ ಅವನನ್ನು ಕಣ್ತುಂಬ ನೋಡಿದಳು, ನೋಟ ಸರಿಸದೆ.

"ಸಮಿತಿ ಮುಗೀತು."

"ಹ್ಞೂಂ."

"ಆ ಮಾತು ಇನ್ನೂ ಇದೆಯಾ?"

"ಇದೆ. ಈಗ ಬಾಯಿಗೇ ಬರ್ತಿಲ್ಲ."

"ಹಾಗಾದ್ರೆ ಕೇಳಿಸ್ಕೊಳ್ಳಿ," ಎಂದು ಅವಳು ಅವನ ಕೈ ಹಿಡಿದು, ಕಿವಿಯ ಬಳಿ ಬಾಗಿ, ತಾನೇ ಹೇಳಿದಳು.

ಮೆಟ್ಟಿಲಿಳಿಯಲು ಬಂದ ನಿರ್ದೇಶಕರು ಒಮ್ಮೆ ಕೆಮ್ಮಿ, ಹಿಂಬಾಗಿಲ ದಾರಿ ಹಿಡಿದರು.