ಗುಮ್ಮಟದ ಕೆಳಗೆ ಕರೆದವರು ಯಾರು?

ದುರಸ್ತಿಗಾಗಿ ಮುಚ್ಚಿದ್ದ ಗ್ರಂಥಾಲಯದ ಓದುವ ಕೋಣೆಯ ಬಾಗಿಲನ್ನು ಅಲ್ಲೇ ಕೆಲಸ ಮಾಡುವ ಪೇ-ಶಾನ್ ಮೂರು ಸಲ ತಟ್ಟಿದಳು. ಉಳಿದ ಪುಸ್ತಕಗಳನ್ನು ಒಯ್ಯಬೇಕಿತ್ತು. ಆದರೆ ಖಾಲಿ ಕೋಣೆಗೆ ಹೇಳದೆ ಕೇಳದೆ ನುಗ್ಗಬಾರದು. ಅದೂ ಚಾಂದ್ರಮಾನದ ಏಳನೇ ತಿಂಗಳಲ್ಲಿ... ಸತ್ತವರು ಊರೊಳಗೆ ಓಡಾಡುವ ತಿಂಗಳು!

"ಬನ್ನಿ," ಎಂದಿತು ಒಳಗಿನಿಂದ ಒಂದು ದನಿ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಬಾಗಿಲು ತೆರೆಯಿತು. ಎದುರಿಗಿದ್ದವನು ಯೂ-ಜೆ.

ಒಂದು ವರ್ಷದ ಹಿಂದೆ, ಪ್ರೀತಿಸಿದವಳಿಗೆ ಒಂದು ಮಾತೂ ಹೇಳದೆ ಜಪಾನಿಗೆ ಹೊರಟುಹೋಗಿದ್ದವನು!

"ದೆವ್ವ ಅಂದ್ಕೊಂಡ್ಯಾ?"

"ದೆವ್ವ ಆಗಿದ್ರೆ ವಾಸಿಯಿತ್ತು. ಅವು ಹೇಳಿಯಾದ್ರೂ ಹೋಗ್ತವೆ."

ಅವನ ಮುಖ ಬಿಗಿಯಾಯಿತು. "ದುರಸ್ತಿಗೆ ಗುಮ್ಮಟ ನೋಡೋಕೆ ಕಂಪನಿಯವರು ಕಳಿಸಿದ್ದಾರೆ. ಎರಡೇ ದಿನ. ಆಮೇಲೆ ನಿನ್ನ ಕಣ್ಣಿಗೆ ಬೀಳಲ್ಲ."

ತೈನಾನ್ ನಗರದ ಆ ಗ್ರಂಥಾಲಯ ಜಪಾನೀಯರ ಆಳ್ವಿಕೆಯಲ್ಲಿ ಕಟ್ಟಿದ್ದು. ಕೆಂಪಿಟ್ಟಿಗೆಯ ದುಂಡನೆಯ ಗೋಡೆ, ಮೇಲೆ ಗುಮ್ಮಟ. ಯುದ್ಧದಲ್ಲಿ ಬಾಂಬು ಗುಮ್ಮಟ ಸೀಳಿಕೊಂಡು ಬಿದ್ದಾಗ ಪುಸ್ತಕ ಜೋಡಿಸುತ್ತಿದ್ದ ಹುಡುಗಿಯೊಬ್ಬಳು ಸತ್ತಳು. ತೇಪೆ ಹಾಕಿದ ಕಡೆ ಬಣ್ಣ ಇಂದಿಗೂ ಬೇರೆ. ಆ ಹುಡುಗಿ ಈಗಲೂ ಹಿಂದಿನಿಂದ ಹೆಸರು ಹಿಡಿದು ಕರೆಯುತ್ತಾಳೆ, ತಿರುಗಿ ನೋಡಿದವರು ಅವಳ ಪಾಲಾಗುತ್ತಾರೆ, ನೋಡದಿದ್ದರೂ ಕರೆಸಿಕೊಂಡವರು ತಮ್ಮವರನ್ನು ಕಳೆದುಕೊಳ್ಳುತ್ತಾರೆ ಎಂದು ಕಸ ಗುಡಿಸುವ ಲಾನ್ ಚಿಕ್ಕಮ್ಮ ಹೇಳುತ್ತಿದ್ದರು.

ಪೇ-ಶಾನ್ ನಂಬಿದ್ದಳು. ನಂಬದೆ ಏನು ಮಾಡಿಯಾಳು? ಹೋದ ವರ್ಷ ಇದೇ ತಿಂಗಳು, ಇದೇ ಗೋಡೆಯ ಪಕ್ಕ ಅವಳೊಬ್ಬಳೇ ಇದ್ದಾಗ ಕಿವಿಯ ಬುಡದಲ್ಲೇ ಯಾರೋ "ಪೇ-ಶಾನ್..." ಎಂದು ಪಿಸುಗುಟ್ಟಿದ್ದರು. ಅವಳು ತಿರುಗಿಯೂ ನೋಡದೆ ಓಡಿದ್ದಳು. ಮರುದಿನವೇ ಯೂ-ಜೆ ಊರು ಬಿಟ್ಟಿದ್ದ.

"ನಿನ್ನದೇನೂ ತಪ್ಪಿಲ್ಲ ಬಿಡು," ಎಂದಳು. "ಅವಳು ನನ್ನನ್ನ ಕರೆದಳು. ಅದಕ್ಕೇ ನೀನು ಹೋದೆ."

"ಯಾರು ಕರೆದಳು?"

"ಬಾಂಬಿಗೆ ಸತ್ತವಳು. ಈ ಗೋಡೆ ಹತ್ರಾನೇ."

ಯೂ-ಜೆ ಬಿಳಿಚಿಕೊಂಡ. "ಪೇ-ಶಾನ್... ಅದು ನಾನು ಕಣೇ!"

"ಸುಳ್ಳು! ಹತ್ತಿರ ಯಾರೂ ಇರ್ಲಿಲ್ಲ."

"ಆಚೆ ಬದಿಯ ಕಪಾಟಿನ ಹಿಂದೆ ಇದ್ದೆ. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ರೆ ಮಾತು ಗೋಡೆಗುಂಟ ಸುತ್ತಿಕೊಂಡು ಇಲ್ಲಿರೋರ ಕಿವಿಗೆ ಬೀಳುತ್ತೆ. ನಿನಗೆ ಖುಷಿ ಆಗ್ಲಿ ಅಂತ ಹಾಗೆ ಮಾಡ್ದೆ... ಹೆಸರು ಕರೆದು, ಮದುವೆ ಆಗ್ತೀಯಾ ಅಂತ ಕೇಳ್ದೆ. ನೀನು ಓಡಿಹೋದೆ! ಅದೇ ಉತ್ತರ ಅಂದ್ಕೊಂಡೆ."

ಒಂದು ವರ್ಷ! ಸತ್ತ ಹುಡುಗಿಗೆ ಒಂದು ವರ್ಷ ಪೂರ್ತಿ ಶಾಪ ಹಾಕಿದ್ದೆನಲ್ಲಾ... ಅವಳಿಗೆ ಅಳು, ನಗು ಒಟ್ಟಿಗೇ ಬಂತು.

"ಏಳನೇ ತಿಂಗಳಲ್ಲಿ ಹಿಂದಿನಿಂದ ಹೆಸರು ಕರೀತಾರೇನೋ, ಪೆದ್ದ? ನಿಮ್ಮಮ್ಮ ಅಷ್ಟೂ ಹೇಳಿಕೊಟ್ಟಿಲ್ವಾ?" ಅವನ ಎದೆಗೆ ಗುದ್ದಿದಳು.

"ಮಾರನೇ ದಿನವೇ ಕೆಲಸಕ್ಕೆ ಜಪಾನಿನ ವಿಮಾನ ಇತ್ತು ಕಣೇ, ನೀನು ಒಪ್ಪಿದ ಮೇಲೆ ಹೇಳೋಣ ಅಂತಿದ್ದೆ... ತಿಂಗಳು ನೋಡ್ಲೇ ಇಲ್ಲ."

"ಈಗ ಎದುರಿಗೆ ನಿಂತು ಕೇಳು."

ಅವನು ಅವಳ ಎರಡೂ ಕೈ ಹಿಡಿದ. "ಮದುವೆ ಆಗ್ತೀಯಾ?"

"ಹೂಂ... ಈ ತಿಂಗಳೊಂದು ಕಳೀಲಿ."

ಆಗ ಅವಳ ಬೆನ್ನ ಹಿಂದಿನ ಗೋಡೆಯಿಂದ, ಮೆಲ್ಲಗೆ...

"ಪೇ-ಶಾನ್..."

ಇಬ್ಬರಿಗೂ ಕೇಳಿಸಿತು. ಅವನ ತುಟಿ ಅಲುಗಿರಲಿಲ್ಲ. ಅವನ ಬೆರಳುಗಳು ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದವು.

"ತಿರುಗಬೇಡ," ಎಂದ.

"ತಿರುಗಲ್ಲ," ಎಂದಳು ಪೇ-ಶಾನ್. "ನಿನ್ನನ್ನೇ ನೋಡ್ತಿದೀನಿ."