ಮರಿಯಮ್ಮನ ಪಾದಗಳು

ಚಿತ್ರದಲ್ಲಿ ಯೇಸುವಿನ ತಾಯಿ ಮರಿಯಮ್ಮನ ಮುಸುಕಿನ ಬಿಳಿಯಲ್ಲಿ ಸೀಸ ಇರಬೇಕಿತ್ತು. ಇರಲಿಲ್ಲ.

ನ್ವಾರ್ಡ್ ಬಣ್ಣದಲ್ಲಿರುವ ಲೋಹ ಗುರುತಿಸುವ ಯಂತ್ರವನ್ನು ಮತ್ತೊಮ್ಮೆ ಹಾಳೆಯ ಮೇಲೆ ತಂದಳು. ಪರದೆಯಲ್ಲಿ ಅದೇ ಉತ್ತರ. ಟೈಟಾನಿಯಂ. ಆ ಬಿಳಿ ಬಣ್ಣ ಪೇಟೆಗೆ ಬಂದು ನೂರು ವರ್ಷ ಆಗಿದ್ದರೆ ಹೆಚ್ಚು. ಸುವಾರ್ತೆಯ ಈ ತೊಗಲಿನ ಗ್ರಂಥ ಏಳುನೂರು ವರ್ಷ ಹಳೆಯದು. ಹಳ್ಳಿಯಿಂದ ಯೆರೆವಾನಿಗೆ ದುರಸ್ತಿಗೆ ಬಂದ ದಿನ ಇದೇ ಜಾಗದಲ್ಲಿ ಅವಳೇ ಸೀಸ ಕಂಡಿದ್ದಳು.

ನಡುವೆ ಯಾರೋ ಹಾಳೆ ಬದಲಿಸಿದ್ದರು.

ಹೊಲಿಗೆ ಬಿಚ್ಚಿದ ಹಾಳೆಗಳು ದುರಸ್ತಿ ಕೋಣೆಯಲ್ಲಿ ಬಿಡಿಬಿಡಿಯಾಗಿ ಇದ್ದವು. ಕೀಲಿ ಇದ್ದದ್ದು ಇಬ್ಬರ ಬಳಿ. ದುರಸ್ತಿ ಮಾಡುವ ಮುದುಕ ಹ್ರಾಂತ್, ಫೋಟೋ ತೆಗೆಯುವ ಗಾರ್ನಿಕ್. ಇಬ್ಬರಿಗೂ ಕುಂಚ ಹಿಡಿಯಲು ಬರುತ್ತಿತ್ತು. ಹ್ರಾಂತ್ ಅವಳಿಗೆ ಕೆಲಸ ಕಲಿಸಿದ ಗುರು.

* * *

"ನೀವು ದೇವರನ್ನು ನಂಬಲ್ವಂತೆ?" ಇನ್ಸ್‌ಪೆಕ್ಟರ್ ಬೆಗ್ಲಾರ್ಯಾನ್ ಕೇಳಿದ.

"ಇಲ್ಲ. ಪೊಲೀಸರನ್ನೂ ನಂಬಲ್ಲ," ಎಂದ ಹ್ರಾಂತ್. "ಅದಕ್ಕೂ ಜೈಲಿದೆಯಾ?"

"ಮೇಷ್ಟ್ರೇ, ಸುಮ್ಮನಿರಿ," ನ್ವಾರ್ಡ್ ಗದರಿದಳು.

ಗಾರ್ನಿಕ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. "ಸಾರ್, ನಾನು ಮುತ್ತಿಡದೆ ಒಂದು ಹಾಳೆಯನ್ನೂ ಮುಟ್ಟಲ್ಲ. ಅಜ್ಜನಿಗೆ ಇದೆಲ್ಲ ಬರೀ ತೊಗಲು, ಬಣ್ಣ."

ಇನ್ಸ್‌ಪೆಕ್ಟರ್ ಎದ್ದ. "ಕೋಟು ಹಾಕ್ಕೊಳ್ಳಿ, ಅಜ್ಜ."

"ಒಂದು ಗಂಟೆ ಕೊಡಿ ಸಾರ್." ನ್ವಾರ್ಡ್ ಬಾಗಿಲಿಗೆ ಅಡ್ಡ ನಿಂತಳು. ಈ ವಯಸ್ಸಿನಲ್ಲಿ ಒಳಗೆ ಹೋದರೆ ಮುದುಕ ತಿರುಗಿ ಬರುವುದಿಲ್ಲ.

* * *

ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕಳ್ಳ ಒಳ್ಳೆಯ ಕೆಲಸಗಾರ. ಹಾಳೆಯ ಅಂಚಿನ ಬಳ್ಳಿಯ ಚಿತ್ತಾರಕ್ಕೆ ಬಣ್ಣ ಹಚ್ಚಿ, ಆಮೇಲೆ ಉಜ್ಜಿ ಸವೆಸಿದ್ದ. ತೊಗಲಿನ ರಂಧ್ರಗಳಲ್ಲಿ ಹಸಿರು ಕೂತಿತ್ತು. ನಿಜವಾಗಿ ಸವೆದಾಗಲೂ ಹಾಗೇ ಕೂರುತ್ತದೆ.

ನಂತರ ಮರಿಯಮ್ಮನ ಪಾದಗಳು. ಹಳ್ಳಿಯ ಹೆಂಗಸರು ತಲೆಮಾರುಗಳಿಂದ ಮುತ್ತಿಟ್ಟ ಜಾಗ. ಮೂಲ ಹಾಳೆಯಲ್ಲಿ ಬೆರಳುಗಳೇ ಅಳಿಸಿಹೋಗಿದ್ದವು. ಇಲ್ಲೂ ಖಾಲಿ. ಆದರೆ ರಂಧ್ರಗಳೂ ಖಾಲಿ.

ಬಣ್ಣ ಸವೆದಿರಲಿಲ್ಲ. ಹಚ್ಚಿಯೇ ಇರಲಿಲ್ಲ.

ಬಳ್ಳಿಯನ್ನು ಉಜ್ಜಿದ ಕೈ ಪಾದವನ್ನು ಯಾಕೆ ಉಜ್ಜಲಿಲ್ಲ?

* * *

ನ್ವಾರ್ಡ್ ನಕಲಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಚಿಕ್ಕ ಚಾಕು.

"ಮುಸುಕಿನ ಬಣ್ಣ ನೋಡಿಯಾಯಿತು. ಮುಖದ ಬಣ್ಣವೂ ಬೇಕು. ಮೇಷ್ಟ್ರೇ, ಚೂರು ಕೆರೆದುಕೊಡಿ."

ಹ್ರಾಂತ್ ಕೆನ್ನೆಯ ಅಂಚನ್ನು ಕೆರೆದ. "ಇದೇನು ಅಂಟು ಹಾಕಿದ್ದಾನೆ, ದರಿದ್ರ!"

"ಗಾರ್ನಿಕ್, ನೀನು ಹಣೆ ಕೆರಿ. ನಕಲಿ ತಾನೇ, ಪಾಪ ಬರಲ್ಲ."

ಗಾರ್ನಿಕ್ ಚಾಕು ಹಿಡಿದ. ಹಾಳೆಯತ್ತ ಒಯ್ದ. ಕೈ ಅಲ್ಲೇ ನಿಂತಿತು.

"ಆಗಲ್ಲ ಅಲ್ವಾ?" ನ್ವಾರ್ಡ್ ಮೆತ್ತಗೆ ಕೇಳಿದಳು. "ಆಗಲೂ ಆಗಲಿಲ್ಲ. ಬಳ್ಳಿ ಉಜ್ಜಿದೆ. ಪಾದ ಬರೆದು ಉಜ್ಜೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಬರೆಯಲೇ ಇಲ್ಲ. ಸಾರ್, ಕೀಲಿ ಇರೋದು ಇಬ್ಬರ ಹತ್ತಿರ. ಮೇಷ್ಟ್ರಾಗಿದ್ದರೆ ಬರೆದು, ಉಜ್ಜಿ, ಸಿಗರೇಟು ಹಚ್ಚಿರೋರು."

"ಎರಡು ಸಿಗರೇಟು," ಎಂದ ಹ್ರಾಂತ್.

ಚಾಕು ಮೇಜಿನ ಮೇಲೆ ಬಿತ್ತು.

"ಹಾಳೆ ಎಲ್ಲಿ?" ಇನ್ಸ್‌ಪೆಕ್ಟರ್ ಗುಡುಗಿದ.

"ಅಮ್ಮನ ಮನೇಲಿ, ರೇಷ್ಮೆ ಬಟ್ಟೇಲಿ." ಗಾರ್ನಿಕ್ ಕೂತುಬಿಟ್ಟ. "ಕೊಳ್ಳೋನು ಬಂದಿದ್ದ. ಪೆಟ್ಟಿಗೆಗೆ ಹಿಡಿಸೋ ಹಾಗೆ ಮಡಚಿ ಕೊಡು ಅಂದ. ಮರಿಯಮ್ಮನ ಮುಖದ ಮೇಲೇ ಮಡಿಕೆ ಬರ್ತಿತ್ತು ಸಾರ್. ಮಡಚೋಕಾಗಲಿಲ್ಲ."

"ಕದಿಯೋಕೆ ಮಾತ್ರ ಆಯ್ತು!" ಎಂದ ಇನ್ಸ್‌ಪೆಕ್ಟರ್. ಹ್ರಾಂತ್ ಕಡೆ ತಿರುಗಿದಾಗ ದನಿ ಇಳಿದಿತ್ತು. "ಕ್ಷಮಿಸಿ, ಅಜ್ಜ. ಮನೆಗೆ ಹೋಗಿ."

* * *

ಸಂಜೆಯ ಹೊತ್ತಿಗೆ ಹಾಳೆ ಬಂತು. ಒಂದು ಮಡಿಕೆಯೂ ಇರಲಿಲ್ಲ. ಪಾದದ ರಂಧ್ರಗಳಲ್ಲಿ ಕೆಂಪು ಚುಕ್ಕೆ ಚುಕ್ಕೆಯಾಗಿ ಉಳಿದಿತ್ತು.

ಹ್ರಾಂತ್ ಮನೆಗೆ ಹೋಗಿರಲಿಲ್ಲ. ಕನ್ನಡಕ ಏರಿಸಿ ಬಹಳ ಹೊತ್ತು ಬಗ್ಗಿ ನೋಡಿದ. ನ್ವಾರ್ಡ್ ಏನೋ ಹೇಳಹೋದಳು. ಕಣ್ಣು ತುಂಬಿತು.

"ಏಯ್ ಹುಡುಗಿ, ಅಳೋದಾದರೆ ಆಚೆ ಹೋಗಿ ಅಳು. ಹಾಳೆ ನೆನೀತದೆ."

ಅವಳು ಮೊಗಸಾಲೆಗೆ ಬಂದು ಬೆಂಚಿನ ಮೇಲೆ ಕೂತು ಮನಸಾರೆ ಅತ್ತಳು. ಒಳಗೆ ಮುದುಕ ಯಾರನ್ನೋ ಬೈಯುತ್ತ ಅಂಟು ಕಲಸುತ್ತಿದ್ದ.